ಕೊಟ್ಟ ಮಾತು, ಕಡಿದ ಕಾಡು

ಕೊರಿಯದ ಗರಿವಾಂಗ್ ಬೆಟ್ಟದ ಹಿಮಕ್ರೀಡಾರಂಗ

ಗೃಹಸ್ಥರಿಗಿರುವಂತೆಯೇ ರಾಷ್ಟ್ರಗಳಿಗೂ ನಾಲ್ಕು ಜನರ ಮುಂದೆ ತಲೆಯೆತ್ತಿ ನಿಲ್ಲಬೇಕೆಂಬ ಆಸೆಯಿರುವುದು ಸಹಜ. ಮಗಳ ಮದುವೆಯನ್ನು ಊರು ಮೆಚ್ಚುವಂತೆ ಮಾಡಬೇಕೆಂದು ಗೃಹಸ್ಥನು ಹೊಲವನ್ನು ಒತ್ತೆಯಿಡುತ್ತಾನೆ. ಲೋಕದ ಅತಿಥಿಗಳನ್ನು ಕರೆದು ಮಹೋತ್ಸವವನ್ನು ನಡೆಯಿಸಬೇಕೆಂದು ರಾಷ್ಟ್ರವು ತನ್ನ ಬೊಕ್ಕಸವನ್ನೂ, ಕೆಲವೊಮ್ಮೆ ತನ್ನ ಬೆಟ್ಟಗಳನ್ನೂ ಒತ್ತೆಯಿಡುತ್ತದೆ. ಒತ್ತೆಯಿಟ್ಟ ಹೊಲವನ್ನು ದುಡಿದು ಬಿಡಿಸಿಕೊಳ್ಳಬಹುದು. ಬೆಟ್ಟವನ್ನು ಬಿಡಿಸಿಕೊಳ್ಳುವ ಬಗೆ ಯಾವುದು? ದಕ್ಷಿಣ ಕೊರಿಯದ ಜನರು ೨೦೧೮ರ ವಸಂತದಿಂದೀಚೆಗೆ ತಮ್ಮತಮ್ಮಲ್ಲಿ ಈ ಪ್ರಶ್ನೆಯನ್ನೇ ಕೇಳಿಕೊಳ್ಳುತ್ತ ಬಂದಿದ್ದಾರೆ. ಅವರ ದೇಶದ ಈಶಾನ್ಯ ಭಾಗದಲ್ಲಿ ಗರಿವಾಂಗ್ ಎಂಬ ಬೆಟ್ಟವಿದೆ. ಅದರ ಮೈಯ ಮೇಲೆ ಕಟ್ಟಿದ ಜಿಯೊಂಗ್‌ಸನ್ ಆಲ್ಪೈನ್ ಕೇಂದ್ರವೆಂಬ ಸ್ಕೀ ಕ್ರೀಡಾರಂಗವು ೨೦೧೬ರ ಫೆಬ್ರವರಿಯಲ್ಲಿ ಮೊದಲ ಪಂದ್ಯವನ್ನು ಕಂಡಿತು. ೨೦೧೮ರ ಮಾರ್ಚಿಯಲ್ಲಿ ಕೊನೆಯದನ್ನು ಕಂಡಿತು. ಅದರ ಆಯುಷ್ಯವು ಎರಡು ವರ್ಷಗಳಿಗೆ ಒಂದು ತಿಂಗಳು ಹೆಚ್ಚು, ಅಷ್ಟೇ. ಈ ಅಲ್ಪಾಯುವಿನ ಕಥೆಯು ನಮಗೆ ದೂರದ್ದಾದರೂ ಅದರಲ್ಲಿ ನಾವು ಅರಿತುಕೊಳ್ಳಬೇಕಾದ ಪಾಠವು ದೂರದ್ದಲ್ಲ.

ಬೆಟ್ಟದ ಪೂರ್ವಚರಿತ್ರೆ

ಗರಿವಾಂಗ್ ಬೆಟ್ಟವು ಗಾಂಗ್ವೊನ್ ಪ್ರಾಂತದಲ್ಲಿ, ಜಿಯೊಂಗ್‌ಸನ್ ಮತ್ತು ಪ್ಯೊಂಗ್‌ಚಾಂಗ್ ಎಂಬ ಎರಡು ಜಿಲ್ಲೆಗಳ ಗಡಿಯಲ್ಲಿ ನಿಂತಿದೆ. ಅದರ ಎತ್ತರವು ೧,೫೬೧ ಮೀಟರ್. ಪ್ರಾಚೀನ ಕಾಲದಲ್ಲಿ ಮೆಕ್ ಎಂಬ ಸಣ್ಣ ರಾಜ್ಯದ ಅರಸನೊಬ್ಬನು ಶತ್ರುಗಳಿಗೆ ಸೋತು ಈ ಬೆಟ್ಟದಲ್ಲಿ ಅಡಗಿಕೊಂಡಿದ್ದನೆಂದೂ ಅವನ ಹೆಸರಿನಿಂದಲೇ ಬೆಟ್ಟಕ್ಕೆ ಈ ಹೆಸರು ಬಂದಿತೆಂದೂ ಸ್ಥಳೀಯ ಐತಿಹ್ಯವುಂಟು. ಐತಿಹ್ಯವು ಏನೇ ಇರಲಿ, ಜೋಸನ್ ಮನೆತನದ ಅರಸರು ಈ ಬೆಟ್ಟವನ್ನು ಮೀಸಲು ಮಾಡಿದ್ದುದಕ್ಕೆ ಕಲ್ಲಿನ ಸಾಕ್ಷಿಯಿದೆ. ಅರಮನೆಗೆ ಸಲ್ಲಬೇಕಾದ ಜಿನ್ಸೆಂಗ್ ಎಂಬ ಔಷಧದ ಬೇರು ಇಲ್ಲಿ ಬೆಳೆಯುತ್ತಿದ್ದುದರಿಂದ, ಸಾಮಾನ್ಯರು ಇಲ್ಲಿಗೆ ಕಾಲಿಡಬಾರದೆಂಬ ಅಭಿಪ್ರಾಯದ ಗಡಿಕಲ್ಲನ್ನು ಕಣಿವೆಯ ದಾರಿಯಲ್ಲಿ ನೆಟ್ಟರು. ಆ ಕಲ್ಲು ಇಂದಿಗೂ ಉಳಿದಿದೆ. ನಮ್ಮ ಕೊಡಗಿನ ದೇವರಕಾಡುಗಳನ್ನು ದೈವಭಯವು ಕಾಯ್ದಂತೆ, ಗರಿವಾಂಗಿನ ಕಾಡನ್ನು ರಾಜಭಯವು ಶತಮಾನಗಳ ಕಾಲ ಕಾಯ್ದಿತು.

ಹೀಗೆ ಕಾಯ್ದುಕೊಂಡು ಬಂದ ಕಾಡಿನ ಸ್ವರೂಪವು ವಿಶೇಷವಾದುದು. ಕೊರಿಯವು ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಪರಕೀಯರ ಆಳಿಕೆಯನ್ನೂ ಅನಂತರ ಭೀಕರವಾದ ಯುದ್ಧವನ್ನೂ ಅನುಭವಿಸಿದ ದೇಶ. ಅಲ್ಲಿನ ಗುಡ್ಡಗಳ ಬಹುಭಾಗವು ಆ ಕಾಲದಲ್ಲಿ ಬೋಳಾಗಿ ಹೋಗಿ, ಆಮೇಲೆ ಜನರು ಶ್ರಮಪಟ್ಟು ಗಿಡ ನೆಟ್ಟು ಬೆಳೆಸಿದ್ದು. ಆದುದರಿಂದ ಮನುಷ್ಯನು ನೆಡದೆ ತಾನಾಗಿ ಬೆಳೆದು ಮುಪ್ಪಾದ ಕಾಡು ಆ ದೇಶದಲ್ಲಿ ಅಪರೂಪ. ಗರಿವಾಂಗಿನಲ್ಲಿ ಅಂಥ ಕಾಡಿದ್ದಿತು. ಓಕ್, ಭೂರ್ಜ, ಯೂ ಮೊದಲಾದ ಹಳೆಯ ಮರಗಳು ಅಲ್ಲಿದ್ದವು. ಇದಲ್ಲದೆ ಬೆಟ್ಟದ ಬಂಡೆಗಳ ಸಂದುಗಳಿಂದ ಬೇಸಗೆಯಲ್ಲಿ ತಣ್ಣನೆಯ ಗಾಳಿಯೂ ಚಳಿಗಾಲದಲ್ಲಿ ಬೆಚ್ಚನೆಯ ಗಾಳಿಯೂ ಹೊರಸೂಸುವ ತಾಣಗಳುಂಟು. ಈ ಗಾಳಿಗಂಡಿಗಳ ದೆಸೆಯಿಂದ ಎತ್ತರದ ಶೀತಪ್ರದೇಶಗಳಲ್ಲಿ ಮಾತ್ರ ಬಾಳುವ ಗಿಡಗಳು ಇಲ್ಲಿ ತಗ್ಗಿನಲ್ಲಿಯೂ ಬಾಳುತ್ತಿದ್ದವು. ೨೦೦೮ರಲ್ಲಿ ಕೊರಿಯದ ಅರಣ್ಯ ಇಲಾಖೆಯು ಇದನ್ನು ವೃಕ್ಷಸಂಪತ್ತಿನ ಬೀಜಭಂಡಾರವೆಂದು ಎಣಿಸಿ ಸಂರಕ್ಷಿತ ಅರಣ್ಯವೆಂದು ಸಾರಿತು. ಅರಸರ ಗಡಿಕಲ್ಲಿನ ಮೇಲೆ ಪ್ರಜಾಸರಕಾರವು ತನ್ನ ಮುದ್ರೆಯನ್ನೂ ಒತ್ತಿದಂತಾಯಿತು.

೮೦೦ ಮೀಟರಿನ ನಿಯಮ

ಅದೇ ಹೊತ್ತಿನಲ್ಲಿ ಅದೇ ಸರಕಾರವು ಬೇರೊಂದು ಆಸೆಯ ಬೆನ್ನು ಹತ್ತಿತ್ತು. ಚಳಿಗಾಲದ ಒಲಿಂಪಿಕ್ ಕ್ರೀಡೆಗಳನ್ನು ಪ್ಯೊಂಗ್‌ಚಾಂಗಿಗೆ ತರಬೇಕೆಂಬುದು ಆ ಆಸೆ. ೨೦೧೦ರ ಕ್ರೀಡೆಗಳಿಗಾಗಿ ಕೇಳಿದಾಗ ಕೆನಡದ ವ್ಯಾಂಕೂವರ್ ಗೆದ್ದಿತು. ೨೦೧೪ರದನ್ನು ಕೇಳಿದಾಗ ರಷ್ಯದ ಸೋಚಿ ಗೆದ್ದಿತು. ಎರಡು ಸಲ ಬರಿಗೈಯಲ್ಲಿ ಮರಳಿದವರಿಗೆ ಮೂರನೆಯ ಸಲ, ೨೦೧೧ರ ಜುಲೈ ೬ರಂದು, ದಕ್ಷಿಣ ಆಫ್ರಿಕದ ಡರ್ಬನ್ ನಗರದಲ್ಲಿ ೨೦೧೮ರ ಕ್ರೀಡೆಗಳು ದೊರೆತವು. ಯುದ್ಧದ ಬೂದಿಯಿಂದೆದ್ದ ದೇಶವೊಂದು ಈ ಗೌರವಕ್ಕಾಗಿ ಹಂಬಲಿಸಿದುದನ್ನು ನಾವು ಹಳಿಯಲಾರೆವು. ಆದರೆ ಹಂಬಲವು ಬಲಿತಷ್ಟೂ ಲೆಕ್ಕ ನೋಡುವ ಕಣ್ಣು ಮಂದವಾಗುವುದೆಂಬುದೂ ಸುಳ್ಳಲ್ಲ.

ಚಳಿಗಾಲದ ಒಲಿಂಪಿಕ್ಕಿನಲ್ಲಿ ಡೌನ್‌ಹಿಲ್ ಎಂಬ ಓಟವು ರಾಜಮರ್ಯಾದೆಯದು. ಎರಡು ನೀಳವಾದ ಹಲಗೆಗಳನ್ನು ಕಾಲಿಗೆ ಬಿಗಿದುಕೊಂಡ ಆಟಗಾರರು ಗಂಟೆಗೆ ನೂರು ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿ ಹಿಮದ ಇಳಿಜಾರಿನಲ್ಲಿ ಧುಮುಕುತ್ತಾರೆ. ಪುರುಷರ ಓಟದ ಆರಂಭಕ್ಕೂ ಅಂತ್ಯಕ್ಕೂ ನಡುವೆ ಕನಿಷ್ಠ ೮೦೦ ಮೀಟರ್ ಎತ್ತರದ ಅಂತರವಿರಬೇಕೆಂದು ಅಂತರರಾಷ್ಟ್ರೀಯ ಸ್ಕೀ ಸಂಘದ ನಿಯಮ. ಪ್ಯೊಂಗ್‌ಚಾಂಗಿನ ಸುತ್ತ ಅಷ್ಟು ದೊಡ್ಡ ಇಳಿಜಾರು ಗರಿವಾಂಗಿನಲ್ಲಿ ಮಾತ್ರ ದೊರೆಯುವುದೆಂದು ಸಂಘಟಕರು ವಾದಿಸಿದರು. ಅಂಥ ಇಳಿಜಾರು ಸಿಗದ ದೇಶಗಳಲ್ಲಿ ಚಿಕ್ಕ ಹಾದಿಯಲ್ಲಿಯೇ ಎರಡು ಸಲ ಓಡಿಸಿ ಹೊತ್ತನ್ನು ಕೂಡಿಸುವ ಪದ್ಧತಿಯೂ ಅದೇ ನಿಯಮಾವಳಿಯಲ್ಲಿದೆಯೆಂದು ಪರಿಸರರಕ್ಷಕರು ತೋರಿಸಿಕೊಟ್ಟರು. ಒಲಿಂಪಿಕ್ಕಿನ ಮರ್ಯಾದೆಗೆ ಅದು ತಕ್ಕುದಲ್ಲವೆಂದು ಆ ಮಾತನ್ನು ತಳ್ಳಿಹಾಕಲಾಯಿತು. ೨೦೧೨ರಲ್ಲಿ ಕ್ರೀಡೆಗಳಿಗೆಂದೇ ವಿಶೇಷ ಶಾಸನವು ಬಂದಿತು. ೨೦೧೩ರಲ್ಲಿ ಸುಮಾರು ೭೮ ಹೆಕ್ಟೇರು ಭೂಮಿಯನ್ನು ಸಂರಕ್ಷಿತ ಅರಣ್ಯದಿಂದ ಕಳಚಲಾಯಿತು. ೨೦೧೪ರಲ್ಲಿ ಕೆಲಸವು ಮೊದಲಾಯಿತು. ಮುದ್ರೆಯನ್ನು ಒತ್ತಿದ ಕೈಯೇ ಐದು ವರ್ಷಗಳಲ್ಲಿ ಅದನ್ನು ಅಳಿಸಿತು.

ಕಡಿದ ಮರಗಳ ಸಂಖ್ಯೆ ಸುಮಾರು ೫೮,೦೦೦ ಎಂದು ವರದಿಗಳು ಹೇಳುತ್ತವೆ. ಕೆಲವು ಮರಗಳನ್ನು ಬೇರುಸಹಿತ ಕಿತ್ತು ಬೇರೆಡೆ ನೆಡುವ ಪ್ರಯತ್ನವೂ ನಡೆಯಿತು. ಅವುಗಳಲ್ಲಿ ಹಲವು ಒಣಗಿದವೆಂದು ಪರಿಸರರಕ್ಷಕರು ದೂರಿದರು. ಕ್ರೀಡಾರಂಗಕ್ಕೆ ತಗಲಿದ ವೆಚ್ಚವು ಸುಮಾರು ೨೦,೦೦೦ ಕೋಟಿ ವಾನ್. ಆ ಪ್ರದೇಶದಲ್ಲಿ ಚಳಿ ಹೆಚ್ಚು, ಹಿಮ ಕಡಿಮೆ. ಆದುದರಿಂದ ಬೆಟ್ಟದ ಮೇಲಕ್ಕೆ ನೀರನ್ನೇರಿಸಿ, ಯಂತ್ರಗಳಿಂದ ಹಿಮವನ್ನು ತಯಾರಿಸಿ ಹಾಸಬೇಕಾಯಿತು. ಇಷ್ಟೆಲ್ಲಕ್ಕೂ ಒಂದು ಸಮಾಧಾನದ ಮಾತನ್ನು ಜನತೆಗೆ ಕೊಡಲಾಗಿತ್ತು. ಕ್ರೀಡೆಗಳು ಮುಗಿದೊಡನೆ ಕಟ್ಟಿದುದನ್ನೆಲ್ಲ ಕಿತ್ತುಹಾಕಿ ಕಾಡನ್ನು ಮೊದಲಿನಂತೆ ಬೆಳೆಸಿಕೊಡುವೆವು ಎಂಬುದೇ ಆ ಮಾತು. ಈ ಮಾತಿನ ಆಧಾರದ ಮೇಲೆಯೇ ಅರಣ್ಯ ಇಲಾಖೆಯು ಭೂಮಿಯನ್ನು ಬಿಟ್ಟುಕೊಟ್ಟಿತೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಅಲ್ಪಕಾಲದ ವೈಭವ

ಹಿಮದ ಹಾದಿಯನ್ನು ರೂಪಿಸಿದವನು ಸ್ವಿಟ್ಜರ್ಲೆಂಡಿನ ಬರ್ನ್‌ಹಾರ್ಡ್ ರುಸ್ಸಿ. ತಾನೇ ಒಲಿಂಪಿಕ್ ಡೌನ್‌ಹಿಲ್ ಗೆದ್ದ ಪ್ರಸಿದ್ಧ ಆಟಗಾರನಾತ. ೧,೩೭೦ ಮೀಟರ್ ಎತ್ತರದಿಂದ ಹೊರಟು ೫೪೫ ಮೀಟರಿಗೆ ಇಳಿಯುವ ಸುಮಾರು ಮೂರು ಕಿಲೋಮೀಟರಿನ ಹಾದಿಯದು. ೨೦೧೬ರ ಫೆಬ್ರವರಿ ೬ರಂದು ಅಲ್ಲಿ ನಡೆದ ಮೊದಲ ವಿಶ್ವಕಪ್ ಓಟವನ್ನು ನಾರ್ವೆಯ ಶೆಟಿಲ್ ಯಾನ್ಸ್ರುಡ್ ಗೆದ್ದನು. ಮರುವರ್ಷದ ಮಾರ್ಚಿಯಲ್ಲಿ ಇಟಲಿಯ ಸೋಫಿಯಾ ಗೊಜ್ಜಾ ಎಂಬ ತರುಣಿಯು ಡೌನ್‌ಹಿಲ್ ಮತ್ತು ಸೂಪರ್-ಜಿ ಎಂಬ ಎರಡು ಓಟಗಳನ್ನೂ ಗೆದ್ದು ಬೆಟ್ಟವನ್ನು ತನ್ನದಾಗಿಸಿಕೊಂಡಳು. ೨೦೧೮ರಲ್ಲಿ ಒಲಿಂಪಿಕ್ ಡೌನ್‌ಹಿಲ್ಲಿನ ಸ್ವರ್ಣಪದಕವೂ ಅವಳಿಗೇ ಸಂದಿತು.

ಅಲ್ಲಿ ನಡೆದುದೆಲ್ಲವೂ ವ್ಯರ್ಥವಾಯಿತೆಂದು ಹೇಳಿದರೆ ಅನ್ಯಾಯವಾದೀತು. ಫೆಬ್ರವರಿ ೧೧ಕ್ಕೆ ಗೊತ್ತಾಗಿದ್ದ ಪುರುಷರ ಡೌನ್‌ಹಿಲ್ ಓಟವು ಬಿರುಗಾಳಿಯ ಕಾರಣದಿಂದ ೧೫ಕ್ಕೆ ಮುಂದೆ ಹೋಯಿತು. ಆ ದಿನ ನಾರ್ವೆಯ ಆಕ್ಸೆಲ್ ಲುಂಡ್ ಸ್ವಿಂಡಾಲನು ಒಂದು ನಿಮಿಷ ೪೦.೨೫ ಸೆಕೆಂಡುಗಳಲ್ಲಿ ಇಳಿದು ಪದಕವನ್ನು ಗೆದ್ದನು. ಮೊಣಕಾಲಿನ ಗಾಯಗಳಿಂದ ಪದೇಪದೇ ನೆಲಹಿಡಿದು ಮತ್ತೆ ಎದ್ದ ಆ ವೀರನಿಗೆ ಆಗ ೩೫ ವರ್ಷ. ಆಲ್ಪೈನ್ ಸ್ಕೀಯಲ್ಲಿ ಅಷ್ಟು ವಯಸ್ಸಿನವರಾರೂ ಅದಕ್ಕೆ ಮೊದಲು ಒಲಿಂಪಿಕ್ ಸ್ವರ್ಣವನ್ನು ಗೆದ್ದಿರಲಿಲ್ಲ. ಹಿಮದ ನಾಡಾದ ನಾರ್ವೆಗೂ ಡೌನ್‌ಹಿಲ್ಲಿನ ಸ್ವರ್ಣವು ಅದೇ ಮೊದಲನೆಯದು.

ಮತ್ತೆರಡು ದಿನಗಳಲ್ಲಿ, ೧೭ರಂದು, ಮಹಿಳೆಯರ ಸೂಪರ್-ಜಿ ಓಟದಲ್ಲಿ ನಡೆದುದಂತೂ ಕ್ರೀಡಾಲೋಕವು ಮರೆಯಲಾರದ ಸಂಗತಿ. ಪ್ರಮುಖ ಸ್ಪರ್ಧಿಗಳೆಲ್ಲರೂ ಓಡಿ ಮುಗಿಸಿದ್ದರು. ಆಸ್ಟ್ರಿಯದ ಆನ್ನಾ ವೈತ್ ಗೆದ್ದಳೆಂದೇ ಜನ ಭಾವಿಸಿದ್ದರು. ಇಪ್ಪತ್ತಾರನೆಯವಳಾಗಿ ಹೊರಟ ಚೆಕ್ ದೇಶದ ಎಸ್ತೆರ್ ಲೆದೆಸ್ಕಾ ಒಂದೇ ಹಲಗೆಯ ಮೇಲೆ ನಿಂತು ಜಾರುವ ಸ್ನೋಬೋರ್ಡ್ ಆಟದಲ್ಲಿ ಹೆಸರಾದವಳು. ಸ್ಕೀಯಲ್ಲಿ ಅವಳಿಂದ ಯಾರೂ ಪದಕವನ್ನು ನಿರೀಕ್ಷಿಸಿರಲಿಲ್ಲ. ಅವಳ ಕಾಲಿನಲ್ಲಿದ್ದ ಹಲಗೆಗಳು ಕೂಡ ಮೊದಲು ಅಮೆರಿಕದ ಮೈಕೇಲಾ ಶಿಫ್ರಿನ್ ಬಳಸಿದ್ದುವೆಂದು ವರದಿಯಾಯಿತು. ಆಕೆ ಒಂದು ಸೆಕೆಂಡಿನ ನೂರರಲ್ಲೊಂದು ಪಾಲಿನ ಅಂತರದಿಂದ ಗೆದ್ದಳು. ಗೆದ್ದವಳೇ ನಂಬದೆ, ಲೆಕ್ಕದಲ್ಲೇನೋ ತಪ್ಪಾಗಿದೆಯೆಂದು ಫಲಕವನ್ನು ನೋಡುತ್ತ ಬೆರಗಾಗಿ ನಿಂತಳು. ಒಂದು ವಾರದ ಮೇಲೆ ಬೇರೊಂದು ಅಂಕಣದಲ್ಲಿ ಸ್ನೋಬೋರ್ಡಿನ ಸ್ವರ್ಣವನ್ನೂ ಗೆದ್ದು, ಒಂದೇ ಕ್ರೀಡೋತ್ಸವದಲ್ಲಿ ಎರಡೂ ಆಟಗಳಲ್ಲಿ ಗೆದ್ದ ಮೊದಲಿಗಳಾದಳು.

ಇನ್ನೊಂದು ನೆನಪು ವಿಜಯದ್ದಲ್ಲ. ಅಮೆರಿಕದ ಲಿಂಡ್ಸೆ ವಾನ್ ಆ ವರ್ಷದ ಡೌನ್‌ಹಿಲ್ಲಿನಲ್ಲಿ ಮೂರನೆಯವಳಾದಳು. ಅವಳ ಅಜ್ಜನು ಕೊರಿಯದ ಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಯಲ್ಲಿ ಅಲ್ಲಿ ದುಡಿದಿದ್ದವನು. ಕ್ರೀಡೆಗಳಿಗೆ ಕೆಲವೇ ತಿಂಗಳ ಮೊದಲು, ೨೦೧೭ರ ನವೆಂಬರಿನಲ್ಲಿ, ತೀರಿಕೊಂಡಿದ್ದನು. ಆಕೆ ಅವನ ಚಿತಾಭಸ್ಮದ ಒಂದಂಶವನ್ನು ತಂದು ಪುರುಷರ ಓಟದ ಹಾದಿಯ ಬಳಿಯ ಬಂಡೆಯೊಂದರ ಮೇಲೆ ಚೆಲ್ಲಿದಳು. ಹಾದಿಯು ಮುಚ್ಚಿಹೋದರೂ ಆ ಬಂಡೆಯು ಅಲ್ಲಿಯೇ ಇರುವುದು.

ಮಾರ್ಚಿಯಲ್ಲಿ ಅಂಗವಿಕಲರ ಒಲಿಂಪಿಕ್ ಕ್ರೀಡೆಗಳೂ ಅದೇ ಹಾದಿಯಲ್ಲಿ ನಡೆದವು. ಆ ಮೇಲೆ ಬೆಟ್ಟವು ನಿಶ್ಶಬ್ದವಾಯಿತು. ಸಾರ್ವಜನಿಕರ ಸ್ಕೀ ವಿಹಾರಕ್ಕೆಂದು ಆ ಕೇಂದ್ರವು ಬಾಗಿಲನ್ನು ತೆರೆಯಲೇ ಇಲ್ಲ. ಕೊರಿಯದ ತೆರಿಗೆದಾರನು ಹಣ ಕೊಟ್ಟು ಕಟ್ಟಿಸಿದ ಇಳಿಜಾರಿನಲ್ಲಿ ಆತನ ಮಕ್ಕಳು ಒಂದು ದಿನವೂ ಜಾರಿ ಆಡಲಿಲ್ಲ.

ಹಬ್ಬ ಮುಗಿದ ಮೇಲೆ

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಗಾದೆಯಿದೆ. ಕ್ರೀಡೆಗಳು ಮುಗಿದ ಕೆಲವೇ ವಾರಗಳಲ್ಲಿ, ೨೦೧೮ರ ಮೇ ತಿಂಗಳ ಮಳೆಗೆ, ಬೇರಿಲ್ಲದ ಇಳಿಜಾರಿನ ಮಣ್ಣು ಜರಿದು ಕೆಳಗೆ ಹರಿಯತೊಡಗಿತು. ಕಾಡು ಬೆಟ್ಟಕ್ಕೆ ಬರಿಯ ಅಲಂಕಾರವಲ್ಲ, ಅದು ಬೆಟ್ಟವನ್ನು ಕಟ್ಟಿಹಿಡಿದ ಹಗ್ಗವೆಂಬುದು ಆಗ ಕಣ್ಣಿಗೆ ಕಂಡಿತು. ಅರಣ್ಯ ಇಲಾಖೆಯು ಕೊಟ್ಟ ಮಾತನ್ನು ನಡೆಯಿಸಿರೆಂದು ಪ್ರಾಂತ ಸರಕಾರವನ್ನು ಕೇಳಿತು. ಪ್ರಾಂತ ಸರಕಾರವು ಒಪ್ಪಿಸಿದ ಪುನಃಸ್ಥಾಪನೆಯ ಯೋಜನೆಯನ್ನು ಸಾಲದೆಂದು ಮೇಲಿನವರು ಹಿಂದಕ್ಕೆ ಕಳುಹಿದರು. ಖರ್ಚನ್ನು ಯಾರು ಹೊರಬೇಕೆಂಬ ವಿಷಯದಲ್ಲಿ ಕೇಂದ್ರಕ್ಕೂ ಪ್ರಾಂತಕ್ಕೂ ವಿವಾದವೆದ್ದಿತು. ಅಷ್ಟರಲ್ಲಿ ಸರಕಾರಿ ಅರಣ್ಯಭೂಮಿಯನ್ನು ಬಳಸುವ ಪರವಾನಗಿಯ ಅವಧಿಯು ೨೦೧೮ರ ಡಿಸೆಂಬರ್ ೩೧ಕ್ಕೆ ತೀರಿತು. ಇತ್ತ ಪ್ಯೊಂಗ್‌ಚಾಂಗಿನಲ್ಲಿ ೩೫,೦೦೦ ಜನರು ಕೂಡುವಂತೆ ಕಟ್ಟಿದ್ದ ಸಮಾರಂಭಮಂದಿರವನ್ನು ನಾಲ್ಕೇ ನಾಲ್ಕು ಸಲ ಬಳಸಿ, ಮೊದಲೇ ಗೊತ್ತುಮಾಡಿದ್ದಂತೆ ಕೆಡವಿಹಾಕಿದರು. ಕಬ್ಬಿಣವನ್ನೂ ಕಾಂಕ್ರೀಟನ್ನೂ ಕೆಡಹುವುದು ಸುಲಭವೆಂಬುದಕ್ಕೆ ಅದು ಸಾಕ್ಷಿ. ಬೆಟ್ಟದ ವಿಷಯದಲ್ಲಿ ಮಾತ್ರ ಕೆಡವಿದರೆ ಕೆಲಸವು ಮುಗಿಯುವುದಿಲ್ಲ, ಅಲ್ಲಿಂದ ಅದು ಆರಂಭವಾಗುತ್ತದೆ.

ಈ ಘಟ್ಟದಲ್ಲಿ ಮೂರನೆಯ ಪಕ್ಷವೊಂದು ಎದ್ದು ನಿಂತಿತು; ಅದು ಜಿಯೊಂಗ್‌ಸನ್ ಜಿಲ್ಲೆಯ ಜನರದು. ಕಾಡು ಬೇಡವೆನ್ನುವ ಜನರಿವರು ಎಂದು ದೂರದಲ್ಲಿ ಕುಳಿತವರು ಆಡಿಕೊಳ್ಳುವುದು ಸುಲಭ. ಅವರ ಸ್ಥಿತಿಯನ್ನು ಅರಿತವರು ಹಾಗೆ ಹೇಳಲಾರರು. ಜಿಯೊಂಗ್‌ಸನ್ ಒಂದು ಕಾಲಕ್ಕೆ ಕಲ್ಲಿದ್ದಲಿನ ಸೀಮೆ. ಕೊರಿಯದ ಕೈಗಾರಿಕೆಗಳಿಗೂ ಮನೆಮನೆಯ ಒಲೆಗಳಿಗೂ ಅಲ್ಲಿನ ಕಾರ್ಮಿಕರು ನೆಲದೊಳಗಿಂದ ಇದ್ದಲನ್ನು ತೆಗೆದುಕೊಟ್ಟರು. ೧೯೮೯ರಲ್ಲಿ ಸರಕಾರವು ಗಣಿಗಳನ್ನು ಮುಚ್ಚುವ ಧೋರಣೆಯನ್ನು ಕೈಕೊಂಡ ಮೇಲೆ ಊರುಗಳು ಬರಿದಾದವು. ಲಕ್ಷಕ್ಕೂ ಮಿಕ್ಕಿದ್ದ ಜಿಲ್ಲೆಯ ಜನಸಂಖ್ಯೆಯು ೪೦,೦೦೦ಕ್ಕಿಂತಲೂ ಕೆಳಗಿಳಿಯಿತು. ಆ ಸೀಮೆಯನ್ನು ಉಳಿಸಬೇಕೆಂದು ೧೯೯೫ರಲ್ಲಿ ವಿಶೇಷ ಶಾಸನವನ್ನು ಮಾಡಿ, ೨೦೦೦ದಲ್ಲಿ ಅಲ್ಲೊಂದು ಜೂಜುಮನೆಯನ್ನು ತೆರೆದರು. ಕೊರಿಯದ ಪ್ರಜೆಗಳಿಗೆ ಪ್ರವೇಶವುಳ್ಳ ಜೂಜುಮನೆ ಆ ದೇಶದಲ್ಲಿ ಅದೊಂದೇ. ಕಲ್ಲಿದ್ದಲು ಹೋಗಿ ಜೂಜು ಬಂದ ನಾಡಿನ ಬಡವನಿಗೆ, ಒಲಿಂಪಿಕ್ಕಿನವರು ಬಿಟ್ಟುಹೋದ ಗೊಂಡೋಲಾ ಜೀವನೋಪಾಯದ ಕೊನೆಯ ಎಳೆಯಂತೆ ಕಂಡುದು ಆಶ್ಚರ್ಯವಲ್ಲ. ಬೆಟ್ಟದ ನೆತ್ತಿಯವರೆಗೆ ಜನರನ್ನು ತೊಟ್ಟಿಲುಗಳಲ್ಲಿ ಕೂರಿಸಿ ಹಗ್ಗದ ಮೇಲೆ ಒಯ್ಯುವ ಆ ಯಂತ್ರವನ್ನಾದರೂ ನಮಗೆ ಬಿಡಿ, ಪ್ರವಾಸಿಗಳು ಬರುವರು, ನಾಲ್ಕು ಅಂಗಡಿಗಳು ಬದುಕುವುವು ಎಂದು ಅವರು ಬೀದಿಗಿಳಿದು ಕೇಳಿದರು.

ವರ್ಷಗಟ್ಟಲೆ ಮಾತುಕತೆಗಳು ನಡೆದವು. ೨೦೨೧ರಲ್ಲಿ ಒಂದು ಒಪ್ಪಂದವಾಯಿತು: ಓಟದ ಹಾದಿಗಳಿದ್ದ ಭಾಗವನ್ನು ಕಾಡಿಗೆ ಮರಳಿಸತಕ್ಕದ್ದು, ಗೊಂಡೋಲಾವನ್ನು ಮೂರು ವರ್ಷಗಳ ಕಾಲ ನಡೆಯಿಸಿ ನೋಡಿ ಅನಂತರ ಅದರ ಭವಿಷ್ಯವನ್ನು ತೀರ್ಮಾನಿಸತಕ್ಕದ್ದು. ಅದರಂತೆ ೨೦೨೩ರ ಜನವರಿಯಲ್ಲಿ ಸುಮಾರು ಮೂರೂವರೆ ಕಿಲೋಮೀಟರ್ ಉದ್ದದ ಆ ಹಗ್ಗದಾರಿಯು ಪ್ರವಾಸಿಗಳಿಗೆ ತೆರೆಯಿತು. ಮುದುಕರೂ ಮಕ್ಕಳೂ ಇಪ್ಪತ್ತು ನಿಮಿಷಗಳಲ್ಲಿ ನೆತ್ತಿಯನ್ನು ಮುಟ್ಟಿ, ಸುತ್ತಲಿನ ಗಿರಿಪಂಕ್ತಿಗಳನ್ನು ನೋಡಿ ಸಂತೋಷಪಟ್ಟರು. ಅವರ ತೊಟ್ಟಿಲುಗಳು ಹಾದುಹೋಗುತ್ತಿದ್ದುದು ಮಾತ್ರ ಮರಗಳಿಲ್ಲದ ಬೋಳು ಇಳಿಜಾರಿನ ಮೇಲೆ. ಪರೀಕ್ಷೆಯ ಅವಧಿಯು ೨೦೨೪ರ ಕೊನೆಗೆ ತೀರಿತು. ವಾದವು ಅದರೊಡನೆ ತೀರಲಿಲ್ಲ.

ಏನಿವಾ ಬೆಟ್ಟದ ನಿದರ್ಶನ

ಹೀಗಲ್ಲದೆ ಬೇರೆ ರೀತಿಯಲ್ಲಿ ನಡೆಯಲು ಸಾಧ್ಯವಿತ್ತೇ ಎಂದು ಕೇಳುವವರಿಗೆ ನೆರೆಯ ಜಪಾನಿನಲ್ಲಿಯೇ ಉತ್ತರವುಂಟು. ಏಷ್ಯದ ಮೊದಲ ಚಳಿಗಾಲದ ಒಲಿಂಪಿಕ್ ೧೯೭೨ರಲ್ಲಿ ಜಪಾನಿನ ಸಪ್ಪೊರೊದಲ್ಲಿ ನಡೆಯಿತು. ಡೌನ್‌ಹಿಲ್ ಓಟಕ್ಕೆ ಆಗಲೂ ತಕ್ಕ ಬೆಟ್ಟವಾಗಿ ಕಂಡುದು ರಾಷ್ಟ್ರೀಯ ಉದ್ಯಾನದೊಳಗಿನ ಏನಿವಾ. ಕ್ರೀಡೆಗಳು ಮುಗಿದೊಡನೆ ಎಲ್ಲವನ್ನೂ ತೆಗೆದು ಮರ ನೆಡಬೇಕೆಂಬ ಕಟ್ಟಳೆಯ ಮೇಲೆ ಅಲ್ಲಿ ಹಾದಿಯನ್ನು ಕಡಿದರು. ಆ ಹಾದಿಯಲ್ಲಿ ೧೯೭೨ರ ಫೆಬ್ರವರಿಯಲ್ಲಿ ಪುರುಷರ ಓಟವನ್ನು ಗೆದ್ದವನು ಬೇರಾರೂ ಅಲ್ಲ, ಮುಂದೆ ಗರಿವಾಂಗಿನ ಹಾದಿಯನ್ನು ರೂಪಿಸಿದ ಬರ್ನ್‌ಹಾರ್ಡ್ ರುಸ್ಸಿಯೇ. ಜಪಾನಿನವರು ಆಡಿದ ಮಾತಿಗೆ ತಪ್ಪಲಿಲ್ಲ. ಹಗ್ಗಗಳನ್ನೂ ಕಂಬಗಳನ್ನೂ ಕಟ್ಟಡಗಳನ್ನೂ ತೆಗೆದರು, ಸಸಿಗಳನ್ನು ನೆಟ್ಟರು. ಒಬ್ಬನೇ ಮನುಷ್ಯನ ಜೀವಿತದೊಳಗೆ ಎರಡು ಬೆಟ್ಟಗಳು ಒಂದೇ ಓಟಕ್ಕಾಗಿ ಬೋಳಾದವು. ಒಂದರ ಋಣವು ತೀರಿತು, ಮತ್ತೊಂದರದು ಹಾಗೆಯೇ ಉಳಿಯಿತು.

ಏನಿವಾದ ಕಥೆಯಲ್ಲಿ ಇನ್ನೊಂದು ಅಂಶವಿದೆ. ಅದು ನಮ್ಮನ್ನು ಮತ್ತಷ್ಟು ಎಚ್ಚರಿಸತಕ್ಕದ್ದು. ಮಾತನ್ನು ಉಳಿಸಿಕೊಂಡ ಆ ಬೆಟ್ಟದಲ್ಲಿ ಕೂಡ, ಅರ್ಧ ಶತಮಾನವು ಕಳೆದ ಮೇಲೂ ಓಟದ ಹಾದಿಯ ಗುರುತು ಅಳಿದಿಲ್ಲ. ಒಂದೇ ಸಲಕ್ಕೆ ನೆಟ್ಟ ಮರಗಳು ಒಂದೇ ಎತ್ತರಕ್ಕೆ, ಒಂದೇ ಬಣ್ಣಕ್ಕೆ ಬೆಳೆದು ಸುತ್ತಲಿನ ಕಾಡಿನಿಂದ ಬೇರೆಯಾಗಿ ಕಾಣುತ್ತವೆ. ಎಳೆಯ ಮರವೂ ಮುದಿಯ ಮರವೂ, ಬಿದ್ದು ಕೊಳೆಯುವ ದಿಮ್ಮಿಯೂ, ಅದರ ಮೇಲೆ ಬೆಳೆಯುವ ಪಾಚಿಯೂ ಕೂಡಿಯೇ ಕಾಡು ಎನಿಸುವುದು. ಸಾಲಾಗಿ ನೆಟ್ಟ ಗಿಡಗಳು ತೋಪು ಎನಿಸುವುವು. ಗರಿವಾಂಗಿನಲ್ಲಿಯಂತೂ ನೆಲವನ್ನೇ ಅಗೆದು, ಬಂಡೆಗಳನ್ನು ಸರಿಸಿ, ಇಳಿಜಾರನ್ನು ಹೊಸದಾಗಿ ಕೆತ್ತಿದ್ದಾರೆ. ಹೀಗಿರಲು ಮೊದಲಿನಂತೆ ಮಾಡಿಕೊಡುವೆವೆಂದು ಮಾತು ಕೊಟ್ಟವರು, ಮನುಷ್ಯನ ಕೈಯಲ್ಲಿ ಇಲ್ಲದ ವಸ್ತುವನ್ನು ಕೊಡುವೆವೆಂದು ಬರೆದುಕೊಟ್ಟಂತಾಯಿತು. ಅವರು ಕೊಡಬಹುದಾಗಿದ್ದುದು ಹಣ, ಶ್ರಮ, ಸಸಿ, ಕಾವಲು ಇಷ್ಟು ಮಾತ್ರ. ಉಳಿದುದನ್ನು ಕಾಲವೇ ಕೊಡಬೇಕು. ಕಾಲವು ಯಾವ ಸರಕಾರದ ಕರಾರಿಗೂ ರುಜು ಹಾಕುವುದಿಲ್ಲ.

ಹಾಗಾದರೆ ತಪ್ಪು ಯಾರದು? ಗೊಂಡೋಲಾವನ್ನು ಕೇಳಿದ ಜಿಯೊಂಗ್‌ಸನ್ನಿನ ಅಂಗಡಿಕಾರನದಲ್ಲ. ಹಿಮದ ಮೇಲೆ ಪ್ರಾಣವನ್ನು ಪಣವಿಟ್ಟು ಧುಮುಕಿದ ಸ್ವಿಂಡಾಲನದೂ ಲೆದೆಸ್ಕಾಳದೂ ಅಲ್ಲ. ಕಡಿಯುವ ದಿನದ ಲೆಕ್ಕವನ್ನು ಕಾಸಿನವರೆಗೆ ಬರೆದು, ಬೆಳೆಸುವ ದಿನದ ಲೆಕ್ಕವನ್ನು ಬರೆಯದೆ ಬಿಟ್ಟವರದು. ಪುನಃಸ್ಥಾಪನೆಯ ಹಣವನ್ನು ಕೊಡಲಿಯೇಳುವ ಮೊದಲೇ ಬೇರೆಯಾಗಿ ತೆಗೆದಿಟ್ಟು, ಯಾರು, ಯಾವಾಗ, ಹೇಗೆ ಮಾಡತಕ್ಕದ್ದೆಂದು ಶಾಸನದಲ್ಲಿ ನಮೂದಿಸಿದ್ದರೆ, ಕೇಂದ್ರವೂ ಪ್ರಾಂತವೂ ಒಬ್ಬರ ಮುಖವನ್ನು ಒಬ್ಬರು ನೋಡುತ್ತ ಕೂರುವ ಪ್ರಸಂಗವೇ ಬರುತ್ತಿರಲಿಲ್ಲ. ಅಂಥ ಲೆಕ್ಕವನ್ನು ಪ್ರಾಮಾಣಿಕವಾಗಿ ಬರೆದಿದ್ದರೆ, ಬಹುಶಃ ಎರಡು ಸಲ ಓಡಿಸುವ ಚಿಕ್ಕ ಹಾದಿಯೇ ಲೇಸೆಂದು ತೋರುತ್ತಿತ್ತು.

ನಮಗೊಂದು ಮಾತು

ಹಿಮಾಲಯವುಳ್ಳ ನಾವು ಈ ಕಥೆಯನ್ನು ಪರರ ಮನೆಯ ಸುದ್ದಿಯೆಂದು ಓದಿ ಮಡಚಿಡುವಂತಿಲ್ಲ. ಗಢವಾಲದ ಜೋಶಿಮಠವು ಹಳೆಯ ಭೂಕುಸಿತದ ಮಣ್ಣಿನ ಮೇಲೆ ನಿಂತಿದೆ, ಅಲ್ಲಿ ಭಾರವಾದ ಕಟ್ಟಡಗಳು ಕೂಡದು ಎಂದು ಮಿಶ್ರಾ ಸಮಿತಿಯು ೧೯೭೬ರಲ್ಲಿಯೇ ಎಚ್ಚರಿಸಿತ್ತು. ಆ ಮೇಲೂ ಊರು ಬೆಳೆಯಿತು. ಅದರ ಮೇಲ್ಗಡೆಯ ಔಲಿಯಲ್ಲಿ ಸ್ಕೀ ವಿಹಾರಸ್ಥಾನವು ತಲೆಯೆತ್ತಿತು. ಜೋಶಿಮಠದಿಂದ ಅಲ್ಲಿಗೆ ಸುಮಾರು ನಾಲ್ಕು ಕಿಲೋಮೀಟರಿನ ಹಗ್ಗದಾರಿಯನ್ನು ಕಟ್ಟಿದರು. ೨೦೧೧ರಲ್ಲಿ ದಕ್ಷಿಣ ಏಷ್ಯದ ಚಳಿಗಾಲದ ಕ್ರೀಡೆಗಳ ಪಂದ್ಯಗಳೂ ಅಲ್ಲಿ ನಡೆದವು. ೨೦೨೩ರ ಜನವರಿಯಲ್ಲಿ ಜೋಶಿಮಠದ ಮನೆಗಳ ಗೋಡೆಗಳು ಬಿರಿದು, ಜನರು ಮನೆಯನ್ನು ತೊರೆಯಬೇಕಾಗಿ ಬಂದಾಗ ಆ ಹಗ್ಗದಾರಿಯನ್ನೂ ನಿಲ್ಲಿಸಬೇಕಾಯಿತು. ಕೊರಿಯದವರು ಗರಿವಾಂಗಿನಲ್ಲಿ ತಮ್ಮ ಹಗ್ಗದಾರಿಯನ್ನು ಪ್ರವಾಸಿಗಳಿಗೆ ತೆರೆದುದೂ ಅದೇ ತಿಂಗಳಲ್ಲಿ. ಊರಿನ ಕುಸಿತಕ್ಕೆ ಕಾರಣಗಳು ಹಲವು. ಸ್ಕೀ ಆಟವೊಂದರ ಮೇಲೆ ಅದನ್ನು ಹೊರಿಸುವುದು ನ್ಯಾಯವಲ್ಲ. ಆದರೆ ಮೊದಲೇ ಬರೆದಿಟ್ಟ ಎಚ್ಚರಿಕೆಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಅಭ್ಯಾಸವು ಎರಡು ಕಡೆಗೂ ಸಮಾನವಾದುದು.

ಇದಕ್ಕೆ ವಿರುದ್ಧವಾದ ನಿದರ್ಶನವೂ ನಮ್ಮಲ್ಲಿಲ್ಲದಿಲ್ಲ. ಕುಲು ಕಣಿವೆಯಲ್ಲಿ ಅಮೆರಿಕದ ಫೋರ್ಡ್ ಮನೆತನದ ಆಲ್ಫ್ರೆಡ್ ಫೋರ್ಡನ ಬೆಂಬಲದಿಂದ ವಿಶಾಲವಾದ ಸ್ಕೀ ಗ್ರಾಮವೊಂದನ್ನು ಕಟ್ಟುವ ಯೋಜನೆಯು ಹೊರಟಿತು. ೨೦೦೬ರಲ್ಲಿ ಕಣಿವೆಯ ಜನರು ತಮ್ಮ ಸಂಪ್ರದಾಯದಂತೆ ನಗ್ಗರದಲ್ಲಿ ದೇವತೆಗಳ ಸಭೆಯನ್ನು ಕೂಡಿಸಿ ಅಪ್ಪಣೆ ಕೇಳಿದರು. ಗೂರ್‌ಗಳ ಬಾಯಿಂದ ದೇವತೆಗಳು ಬೇಡವೆಂದರು. ಗ್ರಾಮವು ಏಳಲಿಲ್ಲ. ದೇವತೆಗಳು ನುಡಿಯುವರೋ ಜನರ ಅಂತರಂಗವೇ ಅವರ ಮೂಲಕ ನುಡಿಯುವುದೋ, ಅದು ಅವರವರ ನಂಬಿಕೆಗೆ ಬಿಟ್ಟುದು. ಕಡಿಯುವ ಮೊದಲು ಕೇಳಿದರೆಂಬುದಷ್ಟೇ ಇಲ್ಲಿ ಮುಖ್ಯ. ಗರಿವಾಂಗಿನಲ್ಲಿ ಕಡಿದ ಮೇಲೆ ಕೇಳಿದರು.

ಉತ್ಸವಗಳು ಬೇಡವೆಂದು ನಾವು ಹೇಳುತ್ತಿಲ್ಲ. ಲೋಕದ ಕ್ರೀಡಾರಂಗದಲ್ಲಿ ನಮ್ಮ ಧ್ವಜವು ಹಾರಬೇಕು. ನಮ್ಮ ನೆಲದಲ್ಲಿಯೂ ಲೋಕವು ಬಂದು ಆಡಬೇಕು. ಅದಕ್ಕೆ ಬೇಕಾದ ಸಾಹಸವೂ ಸಂಪತ್ತೂ ನಮ್ಮ ದೇಶಕ್ಕೆ ಕೊರತೆಯಾಗದಿರಲಿ. ಆದರೆ ರಾಷ್ಟ್ರದ ಮಾನವು ಅತಿಥಿಗಳು ಬಂದ ದಿನದ ತೋರಣದಲ್ಲಿ ಅರ್ಧ ಮಾತ್ರವಿರುತ್ತದೆ. ಉಳಿದರ್ಧವು ಅವರು ಹೊರಟುಹೋದ ಮರುದಿನದ ಅಂಗಳದಲ್ಲಿರುತ್ತದೆ. ಕಾಡನ್ನು ಕೇಳಿಕೊಂಡು ಬರುವ ಯಾವ ಯೋಜನೆಯೇ ಆಗಲಿ, ಅದರ ಮೊದಲ ಪುಟದಲ್ಲಿ ಮರಳಿಸುವ ಲೆಕ್ಕವನ್ನು ಬರೆದು, ಆ ಹಣವನ್ನು ಮೊದಲೇ ಕಟ್ಟಿ, ಆ ಬೆಟ್ಟದ ತಪ್ಪಲಿನ ಜನರ ಅನ್ನದ ದಾರಿಯನ್ನೂ ಅದರಲ್ಲಿಯೇ ಸೇರಿಸಿ ತರಲಿ. ಹಾಗೆ ತರಲಾರದ ಯೋಜನೆಯನ್ನು, ಅದರ ವೈಭವವು ಎಷ್ಟೇ ಇರಲಿ, ಬಾಗಿಲಿನಿಂದಲೇ ಹಿಂದಕ್ಕೆ ಕಳುಹುವ ಧೈರ್ಯವು ನಮ್ಮ ಪ್ರತಿನಿಧಿಗಳಿಗಿರಬೇಕು. ಆ ಧೈರ್ಯವನ್ನು ಅವರಿಂದ ಕೇಳಿ ಪಡೆಯುವ ಜಾಗರೂಕತೆಯು ಜನತೆಗಿರಬೇಕು.